ಜಯಲಕ್ಷ್ಮೀ ಬರೆದ ಮೇಲ್‌ಗಳು

ಕೌಸಲ್ಯಾ ಮತ್ತೆ ಡಿಲೀಟ್ ಒತ್ತಿದಳು. ಜಯಲಕ್ಷ್ಮಿಯ ಮೇಲ್ ಕಣ್ಮರೆಯಾಯಿತು. ಪೀಡೆ ತೊಲಗಿತು ಅಂದುಕೊಳ್ಳುವಷ್ಟರಲ್ಲಿ, ಬೇತಾಳ ಮತ್ತೆ ಮರ ಹತ್ತಿದ ಹಾಗೆ, ಅದೇ ಜಾಗಕ್ಕೆ ಬಂದು ಕೂತಿತು. ಗಂಡ ವಿಷ್ಣುತೀರ್ಥ ಕ್ಷೌರ ಮಾಡಿಸಿಕೊಂಡು ಬರುವುದರೊಳಗೆ ಅವನ ಕಂಪ್ಯೂಟರಿನಿಂದ ಅವಳ ಹೆಸರನ್ನೇ ಅಳಿಸಿಬಿಡಬೇಕೆಂದು ಕೂತಿದ್ದಳು. ಒಂದಾದರೂ ಹೋಗಬೇಕಲ್ಲ!

ಜಯಲಕ್ಷ್ಮೀ ಅಂದರೆ ಹಾರ್ಬರ್ ಆಫೀಸಿನಲ್ಲಿ ವಿಷ್ಣುತೀರ್ಥನ ಪಕ್ಕದ ಮೇಜಿನವಳು. ಇಬ್ಬರೂ ರಿಟೈರಾದರು, ಮೇಜು ಹೋಯಿತು, ಮೇಲ್ ಮಾತ್ರ ನಿಲ್ಲಲಿಲ್ಲ. ಬರೆಯುವುದಾದರೂ ಏನು ಘನಂದಾರಿ ಸಂಗತಿ? ಬೀಚಿನಲ್ಲಿ ಗಾಳಿ ಚೆನ್ನಾಗಿತ್ತು, ಮೊಮ್ಮಗ ತನ್ನ ದೋಸೆಯನ್ನು ಬೆಕ್ಕಿಗೆ ಹಾಕಿದ, ಇಂಥದ್ದೇ. ಅದನ್ನೋದಿ ಈ ಮನುಷ್ಯ ಒಬ್ಬನೇ ಕಿಸಕ್ಕನೆ ನಗುತ್ತಾನೆ. ಆ ನಗುವೇ ಕೌಸಲ್ಯಳ ಹೊಟ್ಟೆ ಉರಿಸಿದ್ದು. ಇಷ್ಟು ವರ್ಷ ಬೇಯಿಸಿ ಹಾಕಿದ ಹೆಂಡತಿಯ ಮಾತಿಗೆ ಅವನು ತುಟಿ ಬಿಚ್ಚಿದ್ದೇ ಕಡಿಮೆ. ಅರವತ್ತು ದಾಟಿದ ಮೇಲೆ ಇದೆಂಥ ಸವತಿ ಮತ್ಸರ ಎಂದು ತನಗೇ ನಾಚಿಕೆಯಾಯಿತು. ಆದರೆ ಮತ್ಸರಕ್ಕೆ ರಿಟೈರ್ಮೆಂಟ್ ಉಂಟೇ?

ಕೊನೆಗೆ ಮಹಡಿ ಮನೆಯ ಚಿನ್ಮಯಿಯನ್ನು ಕರೆದಳು. ಶೋಳಿಂಗನಲ್ಲೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಮಾತಿಗೆ ತಮಿಳು ಬೆರೆಸುವ ಹುಡುಗಿ, ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದಳು.

"ಈ ಹಾಳು ಜಾಹೀರಾತುಗಳು ಡಿಲೀಟೇ ಆಗ್ತಿಲ್ಲ, ನೋಡೇ."

ಚಿನ್ಮಯಿ ಕಳಿಸಿದವರ ಹೆಸರು ಓದಿದಳು. ಮಾಮಿಯ ಮುಖವನ್ನೊಮ್ಮೆ ನೋಡಿ ಮೌಸ್ ಎಳೆದುಕೊಂಡಳು.

"ಸಿಂಪಲ್, ಮಾಮಿ. ಡಿಲೀಟ್ ಮಾಡಿದ್ದೆಲ್ಲಾ ಟ್ರ್ಯಾಶ್‌ಗೆ ಹೋಗ್ಬೇಕಲ್ವಾ? ಅದು ಫುಲ್ ಆಯಿಡುಚ್ಚು. ಜಾಗ ಇಲ್ದೆ ವಾಪಸ್ ಬರ್ತಿದೆ, ಅವ್ವಳವುದಾನ್, ಅಷ್ಟೇ. ಮೊದ್ಲು ಅದನ್ನ ಖಾಲಿ ಮಾಡ್ಬೇಕು."

"ಅದರಲ್ಲಿ ಅಂಥಾದ್ದೇನು ತುಂಬಿದಾರೆ?"

ಚಿನ್ಮಯಿ ತೆರೆದಳು. ಸಾಲು ಸಾಲಿಗೂ ಒಂದೇ ಹೆಸರು, ಕೌಸಲ್ಯಾ.

ಅವಳು ಕೆಲಸ ಮಾಡುತ್ತಿದ್ದ ಇನ್ಶೂರೆನ್ಸ್ ಆಫೀಸಿನವರು ಹಿಂದೊಮ್ಮೆ ಅವಳನ್ನು ತಿರುನೆಲ್ವೇಲಿಗೆ ವರ್ಗ ಮಾಡಿದ್ದಾಗ ಗಂಡನಿಗೆ ದಿನಾ ಕಳಿಸುತ್ತಿದ್ದ ಮೇಲ್‌ಗಳು. ಬಾಡಿಗೆ ಕೋಣೆ, ಹೊಸಿಲ ಮುಂದಿನ ರಂಗೋಲಿ, ಒಬ್ಬಳೇ ಕೂತು ಉಂಡ ಹುಳಿಯನ್ನ, ಎಲ್ಲದರ ಫೋಟೋ.

"ಫೋಟೋಸ್ ಜಾಸ್ತಿ ಜಾಗ ತಿನ್ನತ್ತೆ, ಮಾಮಿ. ಅದಕ್ಕೇ ಮಾಮಾ ತೆಗ್ದಿರ್ತಾರೆ," ಎಂದಳು ಚಿನ್ಮಯಿ, ಸಮಾಧಾನ ಮಾಡುವವಳಂತೆ.

"ಅಕ್ಷರ ಯಾಕೆ ಇಷ್ಟು ದಪ್ಪ ಇದೆ?"

ಹುಡುಗಿ ತಡವರಿಸಿದಳು. "ಅದು... ಓಪನ್ ಮಾಡ್ದೇ ಇರೋದು ಹಾಗೆ ಕಾಣ್ಸತ್ತೆ."

ಕೌಸಲ್ಯಾ ಮೌಸ್ ಕಿತ್ತುಕೊಂಡು ಕೆಳಗೆ, ಇನ್ನೂ ಕೆಳಗೆ ಸರಿಸುತ್ತ ಹೋದಳು. ಎಲ್ಲವೂ ದಪ್ಪವೇ. ಆಗ ಫೋನಿನಲ್ಲಿ 'ಫೋಟೋ ನೋಡಿದ್ರಾ?' ಎಂದು ಕೇಳಿದಾಗಲೆಲ್ಲ 'ನೋಡಿದೆ, ಚೆನ್ನಾಗಿದೆ' ಅನ್ನುತ್ತಿದ್ದ. ಆ ಒಂದು ಮಾತು ಕೇಳಲೆಂದೇ ಅವಳು ಮರುದಿನ ರಂಗೋಲಿಗೆ ಇನ್ನೆರಡು ಎಳೆ ಹೆಚ್ಚು ಎಳೆಯುತ್ತಿದ್ದಳು.

"ಎಂಪ್ಟಿ ಪಣ್ಣಟ್ಟುಮಾ, ಮಾಮಿ? ಖಾಲಿ ಮಾಡ್ಲಾ, ಇಲ್ಲಾ ಬೇರೆ ಕಡೆ ಎತ್ತಿಡ್ಲಾ?"

"ಎತ್ತಿಟ್ಟು ಯಾರಿಗೆ ತೋರಿಸ್ಲಿ? ಖಾಲಿ ಮಾಡು."

ಸ್ವಲ್ಪ ಹೊತ್ತು ಕಂಪ್ಯೂಟರ್ ಗೊರಗುಟ್ಟಿತು. ಆಮೇಲೆ ಪರದೆ ಬರಿದಾಯಿತು. "ಈಗ ಆ ಜಾಹೀರಾತೂ ಹೋಗತ್ತೆ, ನೀವೇ ಒತ್ತಿ," ಎಂದು ಚಿನ್ಮಯಿ ಕುರ್ಚಿ ಬಿಟ್ಟುಕೊಟ್ಟಳು.

ಕೌಸಲ್ಯಾ ಗುಂಡಿಯ ಮೇಲೆ ಬೆರಳಿಟ್ಟಳು. ತೆಗೆದಳು.

"ಇರಲಿ ಬಿಡೇ. ಓದಿಸ್ಕೊಂಡಿದ್ದಾದರೂ ಉಳೀಲಿ."

ಚಿನ್ಮಯಿ ಮೆಟ್ಟಿಲು ಹತ್ತಿ ಹೋದಳು. ವಿಷ್ಣುತೀರ್ಥ ಬಂದ. ಕ್ಷೌರದ ಮೈಲಿಗೆಯಲ್ಲಿ ಏನನ್ನೂ ಮುಟ್ಟದೆ ನೆಟ್ಟಗೆ ಬಚ್ಚಲಿಗೆ ನಡೆದ. ನೀರು ಸುರಿದುಕೊಳ್ಳುವ ಸದ್ದು ನಿಂತಿತು.

"ಕೌಸಲ್ಯಾ, ಟವಲ್ಲು!"

ಅವಳು ಎದ್ದು ಹಗ್ಗದ ಮೇಲಿಂದ ಟವಲ್ ಎಳೆದುಕೊಂಡಳು. ಬಚ್ಚಲಿನ ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಅದನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

ಅವನು ಮತ್ತೆ ಕೂಗಿದ.