ಹೆರಿಗೆ ಕೋಣೆಯ ಮೊದಲ ‘ನೋ’

ಹೆರಿಗೆ ಕೋಣೆಯಲ್ಲಿ ‘ಇಲ್ಲ’, ‘ಬೇಡ’ ಎಂಬ ಮಾತು ಯಾರ ಬಾಯಿಂದಲೂ ಬೀಳಬಾರದೆಂಬುದು ಹಿರಿಯ ಸೂಲಗಿತ್ತಿಯ ಕಟ್ಟಪ್ಪಣೆ. ಹೆರುವವಳ ಕಿವಿಗೆ ಬಿದ್ದರೆ ಅರ್ಧ ಬಲ ಅಲ್ಲೇ ಉಡುಗುತ್ತದೆಂದು ಅವಳ ನಂಬಿಕೆ. ಹತ್ತಿ ಮುಗಿದಿದ್ದರೂ ನರ್ಸು “ಹತ್ತಿ ಬರ್ತಾ ಇದೆ” ಎನ್ನಬೇಕು.

ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದ ಹೆಂಗಸೊಬ್ಬಳು ಹೆರಿಗೆಗೆ ಸೇರಿದಾಗ, ಹಡಗಿನಲ್ಲಿ ದುಡಿದು ಆ ಭಾಷೆ ಕಲಿತು ಬಂದಿದ್ದ ತನ್ನ ಭಾವನನ್ನು ಸೂಲಗಿತ್ತಿ ಅಡುಗೆಮನೆಯಲ್ಲಿ ಹಿಡಿದು ಕೂರಿಸಿದಳು.

“ನೂಕಿ ಅನ್ನೋಕೆ ‘ಎಂಪೂಹೆ’. ನೂಕಬೇಡಿ ಅನ್ನೋಕೆ ಅದರ ಮುಂದೆ ಒಂದು ‘ನೋ’ ಇಟ್ಟರಾಯ್ತು. ‘ಎಂತಿಯೆಂದೊ’, ನಂಗೆ ಅರ್ಥ ಆಗುತ್ತೆ. ‘ನೋ ಎಂತಿಯೆಂದೊ’, ಅರ್ಥ ಆಗಲ್ಲ. ನಮ್ಮ ಹಾಗೆ ಮಾತಿನ ಬಾಲಕ್ಕಲ್ಲ, ತಲೆಗೇ ಕಟ್ತಾರೆ.”

“ಆ ‘ನೋ’ ನಂಗೆ ಬೇಡ ಭಾವ. ನನ್ನ ಕೋಣೇಲಿ ಅದಕ್ಕೆ ಜಾಗ ಇಲ್ಲ.”

“ಇಷ್ಟರಲ್ಲೇ ಎರಡು ಸಲ ಅಂದ್ಯಲ್ಲೇ, ಮಹಾರಾಣಿ!”

ಒಲೆಯ ಮುಂದೆ ಅಕ್ಕ ಕಿಸಕ್ಕನೆ ನಕ್ಕಳು.

ಮರುದಿನ ಮಧ್ಯಾಹ್ನ ಆ ಹೆಂಗಸು ಮಂಚದ ಸರಳು ಹಿಡಿದು, ಸೂಲಗಿತ್ತಿ “ಎಂಪೂಹೆ, ತಾಯಿ, ಎಂಪೂಹೆ!” ಎಂದಾಗಲೆಲ್ಲ ಉಸಿರು ಕಟ್ಟಿ ನೂಕಿದಳು. ಕೂಸಿನ ತಲೆ ಹೊರಬಂತು. ಸೂಲಗಿತ್ತಿ ಬಗ್ಗಿ ನೋಡಿದಳು. ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವ ತನಕ ತಾಯಿ ನೂಕಿದರೆ ಉರುಳು ಇನ್ನಷ್ಟು ಬಿಗಿಯುತ್ತದೆ. ಸನ್ನೆ ಮಾಡೋಣವೆಂದರೆ ಅವಳು ಕಣ್ಣು ಮುಚ್ಚಿದ್ದಾಳೆ. ಮುಂದಿನ ನೋವು ಆಗಲೇ ಏರುತ್ತಿದೆ.

“ನೋ!”

ಪಕ್ಕದ ನರ್ಸು ಬೆಚ್ಚಿಬಿದ್ದಳು.

“ನೋ ಎಂಪೂಹೆ! ನೋ ಎಂಪೂಹೆ, ತಾಯಿ!”

ಹೆಂಗಸು ಕಣ್ಣು ತೆರೆದಳು. ನೂಕಲಿಲ್ಲ.

ಆ ಹೊತ್ತಿನ ನೋವು ಯಾರ ಮಾತಿಗೂ ಬಗ್ಗುವಂಥದ್ದಲ್ಲ. ತಲೆ ನರೆಯುವಷ್ಟು ಕಾಲ ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಅದು ಗೊತ್ತು. ಗುಡ್ಡದಿಂದ ಉರುಳಿ ಬರುವ ಬಂಡೆಗೆ ನಿಲ್ಲು ಎಂದರೆ ನಿಂತೀತೆ? ಇಲ್ಲಿ ನಿಂತಿತ್ತು. ತೊಡೆ ಗಡಗಡ ನಡುಗುತ್ತಿದ್ದರೂ ಆಕೆ ಹೂ ಊದಿದಂತೆ ಚಿಕ್ಕ ಚಿಕ್ಕ ಉಸಿರು ಬಿಡುತ್ತ, ಸೂಲಗಿತ್ತಿಯ ತುಟಿಯನ್ನೇ ನೋಡುತ್ತಿದ್ದಳು. ಸೂಲಗಿತ್ತಿಗೆ ಮೈ ಜುಮ್ಮೆಂದಿತು. ಬೆರಳು ತೂರಿಸಿ, ಬಳ್ಳಿಯನ್ನು ಮೆಲ್ಲಗೆ ಸಡಿಲಿಸಿ, ತಲೆಯ ಮೇಲಿಂದ ದಾಟಿಸಿದಳು.

“ಎಂಪೂಹೆ,” ಎಂದು ಪಿಸುಗುಟ್ಟಿದಳು.

ಕೂಸು ಜಾರಿ ಕೈಗೆ ಬಂತು. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕೋಣೆ ಹಾರಿಹೋಗುವಂತೆ ಅತ್ತಿತು.

“ದೊಡ್ಡಮ್ಮಾ, ನೀವೇ ಅಂದುಬಿಟ್ರಲ್ಲ!” ಎಂದಳು ನರ್ಸು.

“ಬಟ್ಟೆ ಕೊಡೇ, ಬಾಯಿಬಡುಕಿ.”

ಕೂಸನ್ನು ಸುತ್ತಿ ತಾಯಿಯ ಎದೆಗೆ ಒರಗಿಸಿದ ಮೇಲೂ ಅವಳಿಗೆ ಆ ಮಂಚ ಬಿಟ್ಟು ಹೋಗಲಾಗಲಿಲ್ಲ. ಇನ್ನೂ ನಡುಗುತ್ತಿದ್ದ ಆ ತಾಯಿಯ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದಳು.