ಬೆನ್ನ ಮೇಲಿನ ಕೈ

ಖೋ ಖೋ ಆಟದಲ್ಲಿ ಕೂತವರು ತಿರುಗಿ ನೋಡಬಾರದು. ಅಂಕಣದ ನಡುವಿನ ಚೌಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೆರಳು ನೆಲಕ್ಕೂರಿ, ಎದುರಿನ ಕಾಂಪೌಂಡ್ ಗೋಡೆಯನ್ನು ನೋಡುತ್ತಿರಬೇಕು. ಜೊತೆಯ ಆಟಗಾರ್ತಿ ಹಿಂದಿನಿಂದ ಓಡಿ ಬರುತ್ತಾಳೆ, ಬೆನ್ನು ಮುಟ್ಟಿ "ಖೋ" ಎನ್ನುತ್ತಾಳೆ, ಆಗ ಏಳಬೇಕು. ಕೈಯೂ ತಾಗಬೇಕು, ಮಾತೂ ಕೇಳಬೇಕು. ಒಂದು ತಪ್ಪಿದರೂ ಸೀಟಿ. ನಮ್ಮ ತಂಡದ ಹಾಲಪ್ಪ ಮೇಷ್ಟ್ರಂತೂ ಕತ್ತು ಹೊರಳಿಸಿದವರನ್ನು ಮೈದಾನದ ಸುತ್ತ ಓಡಿಸುತ್ತಿದ್ದರು. "ಹಿಂದಿರೋಳು ನಿಮ್ಮೋಳೇ ಕಣ್ರವ್ವ, ಕಳ್ಳಿ ಅಲ್ಲ!" ಎಂದು ಗದರುತ್ತಿದ್ದರು. ಆ ಮಾತನ್ನು ನಾನು ವರ್ಷಗಟ್ಟಲೆ ನಂಬಿದ್ದೆ.

ಕಂಬದ ಪಕ್ಕದ ಕೊನೆಯ ಚೌಕ ನನ್ನದು. ಅದು ಸುಮ್ಮನೆ ಸಿಕ್ಕುವ ಜಾಗವಲ್ಲ. ಎದ್ದ ಮರುಕ್ಷಣ ಕಂಬ ಹಿಡಿದು ತಿರುಗಬೇಕು, ಅದಕ್ಕೆ ಚುರುಕಾದ ಕಾಲು ಬೇಕು. ದಾಕ್ಷಾಯಿಣಿಗೂ ಆ ಜಾಗದ ಮೇಲೆ ಕಣ್ಣಿತ್ತು. ನನ್ನ ಓರಗೆಯವಳು, ತಂಡದ ಹೆಚ್ಚುವರಿ ಆಟಗಾರ್ತಿ. ಅವಳ ಒಂದು ಬೂಟಿನ ಲೇಸು ಹರಿದಾಗ ನನ್ನ ಕೆಂಪು ಲೇಸನ್ನೇ ಬಿಚ್ಚಿ ಕೊಟ್ಟಿದ್ದೆ. ಒಂದು ಬಿಳಿ, ಒಂದು ಕೆಂಪು ಲೇಸಿನ ಬೂಟಿನಲ್ಲೇ ಆಡುತ್ತಿದ್ದಳು. ಒಂದು ಸಂಜೆಯ ಅಭ್ಯಾಸದಲ್ಲಿ ನನಗೆ ಖೋ ಕೊಟ್ಟವಳು ಅವಳೇ. ಕೈ ಬೆನ್ನಿಗೆ ಬಿತ್ತು, ನಾನು ಎದ್ದೆ, ಪಾದ ನೆಲಕ್ಕೆ ಕಚ್ಚಿಕೊಂಡಿತು, ಮಂಡಿ ಮಾತ್ರ ಬೇರೆ ಕಡೆಗೆ ಹೋಯಿತು. ಒಳಗಿನಿಂದ 'ಟಪ್' ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಲಿಗಮೆಂಟ್ ಹರಿದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ತಂಡದವರೆಲ್ಲ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದು ನೋಡಿಹೋದರು. ದಾಕ್ಷಿ ಬರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕಾಲು ಎತ್ತರಕ್ಕಿಟ್ಟುಕೊಂಡು ಮಲಗಿದವಳಿಗೆ ಯೋಚನೆ ಮಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ: ಅವಳು ಮುಟ್ಟಿದ್ದಲ್ಲ, ನೂಕಿದ್ದು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆಡುವುದಕ್ಕಾಗದ ಹೊಟ್ಟೆಕಿಚ್ಚು ಎನ್ನುತ್ತಿದ್ದರು.

ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ವ್ಯಾಯಾಮ ಶುರುವಾಯಿತು. ಮಂಡಿ ಮೆಲ್ಲಗೆ ಬಾಗಿತು, ನಡೆಯಿತು, ಮೆಟ್ಟಿಲು ಹತ್ತಿತು, ಕೊನೆಗೆ ಓಡಿತು ಕೂಡ. ವ್ಯಾಯಾಮ ಮಾಡಿಸುವ ಫಿಸಿಯೋ ಡಾಕ್ಟರು, "ನಿನ್ನ ಕಾಲು ಈಗ ಗಟ್ಟಿಯಾಗಿದೆ," ಎಂದರು. ಆದರೆ ಕುಕ್ಕರಗಾಲಿನಲ್ಲಿ ಕೂತು ಏಳು ಎಂದಾಕ್ಷಣ ಆ ಗಟ್ಟಿ ಕಾಲು ಕಲ್ಲಾಗುತ್ತಿತ್ತು. ಮೈ ಬೆವರುತ್ತಿತ್ತು. ಡಾಕ್ಟರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು, ನಾನೇ ನಟಿಸುತ್ತಿದ್ದೇನೆ ಎಂದು ಅವರು. ಅಷ್ಟರಲ್ಲಿ ಹಾಲಪ್ಪ ಮೇಷ್ಟ್ರು ರೋಹಿಣಿ ಮೇಡಂ ಅವರನ್ನು ಗೊತ್ತುಮಾಡಿದರು. ಪೆಟ್ಟಾದ ಆಟಗಾರರ ಜೊತೆ ಕೂತು ಮಾತಾಡಿ ಮನಸ್ಸಿಗೆ ಧೈರ್ಯ ತುಂಬುವುದು ಅವರ ಕೆಲಸವಂತೆ.

ಅವ್ವ ಸಿಡುಕಿದಳು: "ಕುಯ್ದಿರೋದು ಮಂಡಿ, ತಲೆ ಯಾಕೆ ನೋಡ್ತಾರೆ? ನಿಂಗೇನು ಹುಚ್ಚು ಹಿಡಿದೈತಾ?"

ನನ್ನ ಅನುಮಾನ ಬೇರೆಯದು. ಗೊತ್ತುಮಾಡಿದವರು ಮೇಷ್ಟ್ರು ಅಂದಮೇಲೆ ಸುದ್ದಿ ಹೋಗುವುದೂ ಮೇಷ್ಟ್ರಿಗೇ. ಇವಳು ಹೆದರಿದ್ದಾಳೆ, ಇನ್ನು ಆಗದು ಎಂದು ಈಕೆ ಒಂದು ಮಾತು ಹೇಳಿದರೆ ಸಾಕು, ನನ್ನ ಚೌಕ ದಾಕ್ಷಿಯ ಪಾಲು. ಅದೂ ಅಲ್ಲದೆ ಮೇಡಂ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಬರೆದುಕೊಳ್ಳದೆ ಎಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ಹೋಗುವವರನ್ನು ನಂಬುವುದು ಹೇಗೆ? "ಕೂತಾಗ ಏನನ್ನಿಸುತ್ತಮ್ಮ?" ಎಂದು ಕೇಳುತ್ತಿದ್ದರು. "ಏನಿಲ್ಲ ಮೇಡಂ, ಹಸಿವಾಗುತ್ತೆ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿನ ಮೇಲೂ ನನಗೆ ಅನುಮಾನ.

ಒಂದು ದಿನ ಹೊತ್ತಿಗೆ ಮುಂಚೆಯೇ ಹೋದೆ. ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ಕ್ಯಾನ್ವಾಸ್ ಬೂಟು. ಒಂದಕ್ಕೆ ಬಿಳಿ ಲೇಸು, ಇನ್ನೊಂದಕ್ಕೆ ಕೆಂಪು.

ಹಾಗಾದರೆ ಸುದ್ದಿ ಮೇಷ್ಟ್ರಿಗಲ್ಲ, ನೇರವಾಗಿ ದಾಕ್ಷಿಗೇ! ಪಡಸಾಲೆಯ ಕಂಬದ ಹಿಂದೆ ನಿಂತೆ. ಅವಳು ತಲೆ ತಗ್ಗಿಸಿಕೊಂಡು ಹೊರಬಂದು ಬೂಟು ಹಾಕಿಕೊಂಡು ಹೋದಳು. ಒಳಗೆ ಹೋದವಳೇ ನಾನೂ ಒಂದು ಬಲೆ ಬೀಸಿದೆ. ಧ್ವನಿ ತಗ್ಗಿಸಿ, "ಯಾರಿಗೂ ಹೇಳ್ಬೇಡಿ ಮೇಡಂ, ಪಕ್ಕದೂರಿನ ತಂಡದೋರು ನನ್ನನ್ನ ಕರೀತಿದ್ದಾರೆ. ನಾನು ಅಲ್ಲಿಗೆ ಹೋಗೋಳು," ಎಂದೆ. ಶುದ್ಧ ಸುಳ್ಳು. ಈ ಸುಳ್ಳು ಮೈದಾನಕ್ಕೆ ಯಾವ ಬಾಯಿಂದ ಬಂದು ತಲುಪುತ್ತದೆ ನೋಡೋಣ ಎಂದು ಕಾದೆ.

ಬರಲಿಲ್ಲ. ಮೇಷ್ಟ್ರು ಎಂದಿನಂತೆಯೇ ಮಾತಾಡಿದರು. ತಂಡದ ಹುಡುಗಿಯರು ಎಂದಿನಂತೆಯೇ ರೇಗಿಸಿದರು. ಎಲ್ಲರೂ ಸೇರಿ ಗೊತ್ತಿಲ್ಲದವರ ಹಾಗೆ ಆಡುತ್ತಿದ್ದಾರೆ ಎಂದು ನನಗೆ ಇನ್ನಷ್ಟು ಖಾತ್ರಿಯಾಯಿತು. ಕೊನೆಗೆ ತಾಳಲಾರದೆ ಮೇಡಂ ಮುಂದೆ ಸಿಡಿದೆ: "ದಾಕ್ಷಿ ಇಲ್ಲಿಗೆ ಯಾಕೆ ಬರ್ತಾಳೆ?"

"ಇಲ್ಲಿಗೆ ಯಾರು ಬರ್ತಾರೆ, ಯಾಕೆ ಬರ್ತಾರೆ ಅಂತ ನಾನು ಹೇಳೋದಿಲ್ಲಮ್ಮ. ನೀನು ಇಲ್ಲಿ ಆಡೋ ಮಾತನ್ನೂ ಯಾರಿಗೂ ಹೇಳಿಲ್ಲ," ಎಂದರು. ಆಮೇಲೆ ಸ್ವಲ್ಪ ನಕ್ಕು, "ಪಕ್ಕದೂರಿನ ತಂಡದ ವಿಷಯಾನೂ ನನ್ನ ಹತ್ರಾನೇ ಇದೆ. ವಾಪಸ್ ಬೇಕಾ?" ಎಂದು ಕೇಳಿದರು.

ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆ ಸಂಜೆ ಯಾರಿಗೂ ಹೇಳದೆ ಮೈದಾನದ ಬೇಲಿಯಾಚೆ ಹೋಗಿ ನಿಂತೆ. ನನ್ನ ಜಾಗದಲ್ಲಿ ದಾಕ್ಷಿ ಎಷ್ಟು ಮೆರೆಯುತ್ತಾಳೆ ಎಂದು ಕಣ್ಣಾರೆ ನೋಡುವ ಚಪಲ.

ದಾಕ್ಷಿ ಚಿಗರೆಯ ಹಾಗೆ ಓಡಿಬಂದಳು. ಕೂತವಳ ಬೆನ್ನ ಹಿಂದೆ ಗಕ್ಕನೆ ನಿಂತು ಕೈ ಚಾಚಿ "ಖೋ" ಎಂದಳು. ಕೈ ಬೆನ್ನಿನ ಹತ್ತಿರ ಹೋಗಿ ನಿಂತಿತು, ತಾಗಲಿಲ್ಲ. ಸೀಟಿ. ಮತ್ತೆ ಓಡಿದಳು, ಮತ್ತೆ ಕೈ ಗಾಳಿಯಲ್ಲೇ ಉಳಿಯಿತು. ಮತ್ತೆ ಸೀಟಿ.

"ಕೈ ತಾಗಿಸೇ! ಬೆನ್ನೋ ಅದು, ಕೆಂಡವೋ?" ಮೇಷ್ಟ್ರ ಕೂಗು ಬೇಲಿಯವರೆಗೂ ಕೇಳಿಸಿತು. ದಾಕ್ಷಿ ತನ್ನ ಅಂಗೈಯನ್ನು ಲಂಗಕ್ಕೆ ಉಜ್ಜಿಕೊಳ್ಳುತ್ತ ನಿಂತಳು. ಅವಳು ಆ ಬಾಗಿಲೊಳಗೆ ಯಾಕೆ ಹೋಗುತ್ತಿದ್ದಳೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿ ನಿಂತಿದ್ದಂತೆಯೇ ನನ್ನ ಬೆನ್ನು ಜುಮ್ಮೆಂದಿತು.

ಮರುದಿನ ಮೇಡಂ ಎಂದಿನ ಪ್ರಶ್ನೆ ಕೇಳುವ ಮೊದಲೇ ಹೇಳಿದೆ: "ಮಂಡಿ ಅಲ್ಲ ಮೇಡಂ, ಬೆನ್ನು. ಆ ಕೈಗೆ ಕಾಯೋಕೆ ಆಗ್ತಿಲ್ಲ." ಹೇಳುತ್ತಿದ್ದಂತೆ ಅಳು ಬಂತು. ಅವರು ಅಳಲು ಬಿಟ್ಟರು. ಆಮೇಲೆ ನಿಧಾನವಾಗಿ, "ಇದನ್ನೂ ನಾನು ಯಾರಿಗೂ ಹೇಳೋದಿಲ್ಲ. ಹೇಳ್ಬೇಕು ಅನ್ನಿಸಿದ್ರೆ ನೀನೇ ಹೇಳ್ಬಹುದು," ಎಂದರು.

ಊರೂರಿನ ತಂಡಗಳ ಪಂದ್ಯಾವಳಿ ಹತ್ತಿರ ಬಂತು. ಮೇಷ್ಟ್ರು ನನ್ನನ್ನು ಕರೆಸಿದರು. "ಚೌಕದಲ್ಲಿ ಕೂತ್ಕೋ. ಖೋ ಬಿದ್ದ ಕೂಡ್ಲೇ ಎದ್ದು ಕಂಬ ಸುತ್ತು. ಸುತ್ತಿದ್ರೆ ಜಾಗ ನಿಂದು, ಇಲ್ದಿದ್ರೆ ದಾಕ್ಷಿದು. ಖೋ ಯಾರು ಕೊಡ್ಲಿ?"

"ದಾಕ್ಷಿನೇ ಕೊಡ್ಲಿ," ಎಂದೆ. ಮೇಷ್ಟ್ರು ನನ್ನ ಮುಖವನ್ನೊಮ್ಮೆ ನೋಡಿ, ಸೀಟಿ ಹಿಡಿದು ಆಚೆ ತುದಿಗೆ ಹೋದರು.

ಕುಕ್ಕರಗಾಲಿನಲ್ಲಿ ಕೂತೆ. ಎದುರಿಗೆ ಅದೇ ಗೋಡೆ. ಹಿಂದೆ ಅವಳ ಉಸಿರು ಕೇಳಿಸುತ್ತಿತ್ತು. ತಿರುಗದೆ ಕೇಳಿದೆ: "ಅವತ್ತು ನೂಕಿದ್ಯಾ?"

"ಗೊತ್ತಿಲ್ಲ ಕಣೇ," ಎಂದಳು. "ಓಡಿ ಬಂದೆ, ಕೈ ಜೋರಾಗೇ ಬಿತ್ತು. ನಿನ್ನ ಜಾಗ ಬೇಕು ಅಂತ ಮನಸ್ಸಲ್ಲಿತ್ತು, ಅದು ಸುಳ್ಳಲ್ಲ. ಆದ್ರೆ ನೂಕಿದ್ನಾ ಅಂತ ನಂಗೇ ಗೊತ್ತಾಗ್ತಿಲ್ಲ. ಅದಕ್ಕೇ ಆಸ್ಪತ್ರೆಗೂ ಬರ್ಲಿಲ್ಲ."

ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಹೌದು ಎಂದಿದ್ದರೆ ಎದ್ದು ಮನೆಗೆ ಹೋಗುತ್ತಿದ್ದೆ. "ಮುಟ್ಟದೆ ಇದ್ರೆ ಜಾಗ ನಿಂಗೇ ಸಿಗುತ್ತೆ," ಎಂದೆ.

"ಗೊತ್ತು," ಎಂದಳು.

ಮೇಷ್ಟ್ರು ಸೀಟಿ ಊದಿದರು. ಹಿಂದೆ ಹೆಜ್ಜೆ ಸದ್ದಾಯಿತು, ನಿಂತಿತು. ನನ್ನ ಹಣೆಯಿಂದ ಬೆವರು ನೆಲಕ್ಕೆ ಬಿತ್ತು. ತಿರುಗಿ ನೋಡಬೇಕೆಂದು ಕತ್ತಿನ ನರವೆಲ್ಲ ಸೆಟೆದುಕೊಂಡಿತು, ನೋಡಲಿಲ್ಲ. ಆಗ ಕೈ ಬಂತು. ತಣ್ಣಗೆ, ಪೂರ್ತಿ ಅಂಗೈ. ಆಮೇಲೆ, ಕೇಳಿಸಿತೋ ಇಲ್ಲವೋ ಎನ್ನುವಂಥ ದನಿಯಲ್ಲಿ, "ಖೋ."

ಎದ್ದೆ. ಕಂಬ ಹಿಡಿದೆ, ಸುತ್ತಿದೆ. ಅವಳು ನನ್ನ ಖಾಲಿ ಚೌಕದಲ್ಲಿ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಪಂದ್ಯಾವಳಿಯುದ್ದಕ್ಕೂ ಹೆಚ್ಚುವರಿಯವರ ಬೆಂಚಿನ ಮೇಲೆ ಕೂತು ನನ್ನ ಹೆಸರು ಕೂಗಿದಳು. ಅವತ್ತು ಅವಳು ನೂಕಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಂಬ ಸುತ್ತಿದ ಆ ಸಂಜೆ ಮನೆಗೆ ಬಂದಾಗ ಅವ್ವ ನನ್ನನ್ನು ಹಿಂದಿನಿಂದ ನೋಡಿ, "ಇದ್ಯಾರ ಕೈಯೇ?" ಎಂದಳು. ಅಂಗಿ ಬಿಚ್ಚಿ ನೋಡಿದೆ. ಬೆನ್ನಿನ ನಡುಮಧ್ಯೆ ಬೆವರು, ಕೆಂಪು ಮಣ್ಣು ಬೆರೆತ ಐದು ಬೆರಳು ಅಚ್ಚಾಗಿ ಮೂಡಿದ್ದವು. "ದಾಕ್ಷಿದು," ಎಂದೆ. ಅವ್ವ ಅಂಗಿಯನ್ನು ಒಗೆಯುವ ಕಲ್ಲಿಗೆ ಒಯ್ದಳು. ಎಷ್ಟು ತಿಕ್ಕಿದರೂ ಮಣ್ಣಿನ ಬಣ್ಣ ಪೂರ್ತಿ ಬಿಡಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ಅಂಗಿ ಗಾಳಿಗೆ ಉಬ್ಬಿದಾಗಲೆಲ್ಲ ಆ ಕೈ ಅದರ ಬೆನ್ನ ಮೇಲೆ ಹಗುರವಾಗಿ ಊರಿಕೊಂಡಿತ್ತು.