ಇಲ್ಲದ ಕಿಲವರ

ಕೈಯಲ್ಲಿ ಇಲ್ಲದ್ದನ್ನು ಇದೆಯೆಂದು ನಾಲ್ವರ ಮುಂದೆ ಸಾರಿ, ಆ ಸುಳ್ಳಿಗೆ ‘ಪದ್ಧತಿ’ ಎಂಬ ಮರ್ಯಾದೆಯ ಅಂಗಿ ತೊಡಿಸಿದವರಲ್ಲಿ, ಓದುಗರೇ, ನೀವೂ ಒಬ್ಬರಲ್ಲವೇ?

ಫಕೀರಪ್ಪ ಮಾಸ್ತರರಂತೂ ಅಲ್ಲ. ಮೂವತ್ತೊಂದು ವರ್ಷ ಧಾರವಾಡ ಸೀಮೆಯ ಮಕ್ಕಳಿಗೆ ಸತ್ಯ ಕಲಿಸಿ, ನಿವೃತ್ತರಾಗಿ ಪುಣೆಯ ಮಗನ ಮನೆ ಸೇರಿದ್ದ ಅವರಿಗೆ, ಸ್ವಾರಗೇಟದ ಬಳಿಯ ಕನ್ನಡಿಗರ ಮಂಡಳಿಯಲ್ಲಿ ರವಿವಾರದ ಬ್ರಿಜ್ ಎಂಬ ಇಸ್ಪೀಟಾಟವೊಂದೇ ಕನ್ನಡ ಮಾತಿನ ಆಸರೆ. ಆ ಆಟ ಜೊತೆಗಾರನಿಲ್ಲದೆ ನಡೆಯದು. ಮೂವರು ಜೊತೆಗಾರರು ಮಾಸ್ತರರ ಸತ್ಯನಿಷ್ಠೆ ತಾಳದೆ ಆಗಲೇ ಓಡಿಹೋಗಿದ್ದರು. ಉಳಿದವನು ಅರಳೆ ಅಂಗಡಿಯ ಗುಮಾಸ್ತ ಹೊಳಬಸಪ್ಪನೊಬ್ಬನೇ.

೧೯೩೮ರ ಒಂದು ರವಿವಾರ ಅವನು ಮುಂಬಯಿಯಿಂದ ಹೊಸ ವಿದ್ಯೆ ಕಲಿತು ಬಂದ. ಬ್ರಿಜ್‌ನಲ್ಲಿ ಎಲೆ ಇಳಿಸುವ ಮೊದಲು, ಕಿಲವರ (ಕರಿ ಮೂರೆಸಳು), ಬದಾಮ (ಕೆಂಪು ಹೃದಯ) ಮುಂತಾದ ಬಣ್ಣಗಳಲ್ಲಿ ಯಾವುದರ ಬಲದಿಂದ ಆರರ ಮೇಲೆ ಇನ್ನೆಷ್ಟು ಸುತ್ತು ಗೆಲ್ಲುವೆವೆಂದು ಸರದಿಯಂತೆ ಏರಿಸುತ್ತ ಸಾರಬೇಕು.

“ಮಾಸ್ತರ್ರ, ನಾ ‘ಎರಡು ಕಿಲವರ’ ಅಂದ್ರ ನನ್ನ ಕೈಯಾಗ ಕಿಲವರ ಎಲಿ ಅದಾವ ಅಂತ ತಿಳೀಬ್ಯಾಡ್ರಿ. ಕೈ ಭಾಳ ಜೋರದ, ನೀವು ಸುಮ್ಮನಾಗಬ್ಯಾಡ್ರಿ, ಏನರ ಹೇಳ್ರಿ ಅಂತ ಅರ್ಥ.”

“ಜೋರಿದ್ರ ಜೋರದ ಅನ್ನು. ಕಿಲವರ ಏನ್ ಪಾಪ ಮಾಡ್ಯಾವ?”

“ಹಂಗ ಅನ್ನಾಕ ಆಟದಾಗ ಮಾತಿಲ್ರಿ. ಎದುರಿನವ್ರಿಗೂ ಇದು ಗೊತ್ತಿರತದ.”

“ನಾಕೂ ಮಂದಿಗೆ ಗೊತ್ತಿದ್ರ ಸುಳ್ಳು ಖರೆ ಆಗತದೇನು?”

“ಇವತ್ತೊಂದಿನ ನನ್ನ ಮಾತು ಕೇಳ್ರಿ. ಇಲ್ಲಾಂದ್ರ ಮುಂದಿನ ವಾರದಿಂದ ನಾ ಮಧುಕರರಾಯರ ಜೋಡಿ ಕೂಡ್ತೀನಿ.”

ಮಾಸ್ತರರು ಎಲೆ ಕಲೆಸತೊಡಗಿದರು.

ಮೂರನೆಯ ಸಲ ಎಲೆ ಹಂಚಿದಾಗ ಜೋರು ಕೈ ಕಂಡು ಹೊಳಬಸಪ್ಪನ ಕಿವಿ ಕೆಂಪಾದವು. “ಎರಡು ಕಿಲವರ,” ಎಂದ. ಎದುರಾಳಿ ಮಧುಕರರಾಯರು ಪಾಸ್ ಎಂದರು.

ಈಗ ಮಾಸ್ತರರ ಸರದಿ. ಸುಮ್ಮನಾದರೆ ಗೆಳೆಯ ಹೋಗುತ್ತಾನೆ. ಸುಳ್ಳೆಂದು ತಿಳಿದು ಉತ್ತರಿಸಿದರೆ ಸತ್ಯ ಹೋಗುತ್ತದೆ. ಎರಡೂ ಉಳಿಯಲು ಒಂದೇ ದಾರಿ ಕಂಡಿತು: ಅವನನ್ನು ನಂಬುವುದು. ಅವರ ಬಳಿಯೂ ನಾಲ್ಕು ಕಿಲವರಗಳಿದ್ದವು.

“ಮೂರು ಕಿಲವರ.”

ಹೊಳಬಸಪ್ಪ ತನ್ನ ನಿಜವಾದ ಬಣ್ಣಕ್ಕೆ ಜಿಗಿದ. “ಮೂರು ಬದಾಮ.”

“ನಾಲ್ಕು ಕಿಲವರ.” ಮನುಷ್ಯನ ಮೊದಲ ಮಾತೇ ಮಾತೆಂದು ಮಾಸ್ತರರ ನಿಶ್ಚಯ.

“ನಾಲ್ಕು ಬದಾಮ್ರಿ.”

“ಐದು ಕಿಲವರಪ್ಪಾ.”

ಹೀಗೆ ಏರುತ್ತ ಏರುತ್ತ ಮಾಸ್ತರರು “ಏಳು ಕಿಲವರ”ಕ್ಕೆ ತಲುಪಿದರು. ಹದಿಮೂರು ಸುತ್ತುಗಳನ್ನೂ ಗೆಲ್ಲುವೆವೆಂಬ ಪ್ರತಿಜ್ಞೆಯದು. ಏಳರ ಮೇಲೆ ಅಂಕಿಯೇ ಇಲ್ಲ.

“ಇನ್ನ ನಾ ಏಳು ಬದಾಮ ಅಂದ್ರ ನೀವು ಎಂಟು ಕಿಲವರ ಅಂತೀರಿ,” ಎಂದ ಹೊಳಬಸಪ್ಪ, ಸೋತ ದನಿಯಲ್ಲಿ.

“ಎಂಟು ಇಲ್ಲ. ಇದ್ದಿದ್ರ ಅಂತಿದ್ದೆ.”

“ಹದಿಮೂರು ಯಾವ ಬಣ್ಣದಾಗೂ ಬರೂದಿಲ್ರಿ. ಪಾಸ್.”

ಬಣ್ಣದ ಹೆಸರನ್ನು ಮೊದಲು ಎತ್ತಿದವನೇ ಜೋಡಿಯ ಎರಡೂ ಕೈ ಆಡಬೇಕೆಂಬುದು ನಿಯಮ. ಹೊಳಬಸಪ್ಪನ ಕೈಯಲ್ಲಿದ್ದದ್ದು ಒಂದೇ ಕಿಲವರ, ಅದೂ ಎಲ್ಲಕ್ಕಿಂತ ಚಿಕ್ಕ ದುಗ್ಗಿ. ಹದಿಮೂರರಲ್ಲಿ ಗೆದ್ದದ್ದು ಐದು ಸುತ್ತು.

“ನಿನ್ನ ಮಾತು ನಾನಾದ್ರೂ ನಂಬಿದ್ನೆಪ್ಪಾ,” ಎಂದರು ಮಾಸ್ತರರು.

“ಅದ ನೋಡ್ರಿ ತಪ್ಪಾದದ್ದು,” ಎಂದು ಅವನು ಟೊಪ್ಪಿಗೆ ಎತ್ತಿಕೊಂಡು ಎದ್ದುಹೋದ. ಮುಂದಿನ ವಾರ ಮಧುಕರರಾಯರ ಜೊತೆಗಾರನಾಗಿ ಅವರ ಎದುರು ಕುಳಿತ.

ನಂಬಿಕೆಯೇ ತಪ್ಪೆನಿಸಿಕೊಂಡ ಆ ಮಂಡಳಿಯಲ್ಲಿ ಮಾಸ್ತರರು ಈಗಲೂ ರವಿವಾರ ಮೂರು ಗಂಟೆಗೆ ಬಂದು, ನಾಲ್ಕು ಪಾಲು ಎಲೆ ಹಾಕಿ, ತಮ್ಮ ಪಾಲನ್ನಷ್ಟೇ ನೋಡುತ್ತ ಕೂತಿರುತ್ತಾರೆ. ದಯವಿಟ್ಟು ಒಮ್ಮೆ ಬನ್ನಿ. ಅವರ ಎದುರು ಕುಳಿತು, ಕೈಯಲ್ಲಿ ಇರುವುದನ್ನು ಇದ್ದಂತೆ ಹೇಳಿ.